ಹುಚ್ಚು ಬಿಡುತ್ತೆ, ಮೆಂಟಲ್ ಬಿಡಲ್ಲ

ಅಮ್ಮ ಊರಿಂದ ಡಬ್ಬಿ ಕಳಿಸಿದಾಗ ಪ್ರತಿ ಡಬ್ಬಿ ಮೇಲೂ ಬಿಳಿ ಪ್ಲಾಸ್ಟರ್ ಅಂಟಿಸಿ ಬಾಲ್‌ಪೆನ್ನಲ್ಲಿ ಹೆಸರು ಬರೆದಿರ್ತಾರೆ, ಪ್ಲಾಸ್ಟರ್ ಉಳಿಸೋಕೆ ಹೆಸರನ್ನೂ ಅರ್ಧಕ್ಕೆ ನಿಲ್ಲಿಸಿರ್ತಾರೆ. ಹೋದ ತಿಂಗಳು ಬಂದ ಚೀಲದಲ್ಲಿ ಒಂದು ಡಬ್ಬಿ ಮೇಲೆ "ಶೇಂಗಾ", ಇನ್ನೊಂದರ ಮೇಲೆ "ಅಗಸೆ", ಮೂರನೇದರ ಮೇಲೆ ದಪ್ಪಕ್ಷರದಲ್ಲಿ "ಹುಚ್ಚು". ನಾನು ಯೋಚನೆ ಮಾಡದೆ ಅದನ್ನೇ ಆಫೀಸಿಗೆ ತಗೊಂಡು ಹೋದೆ. ಊಟದ ಟೇಬಲ್ ಮೇಲೆ ಇಟ್ಟಿದ್ದೇ ತಡ, ಮೈಸೂರಿನ ಹುಡುಗ ಒಬ್ಬ "ಏನ್ ಸರ್, ಮನೆಯಿಂದ ಹುಚ್ಚು ಪಾರ್ಸೆಲ್ ಬಂದಿದ್ಯಾ, ಇರೋದು ಸಾಲ್ದಾ" ಅಂದ, ಎಲ್ಲರೂ ನಕ್ಕರು, ಧಾರವಾಡದ ನಮ್ಮ ಗೆಳೆಯ ಮಾತ್ರ ಮುಚ್ಚಳ ತೆಗೆದು ಮೂಸಿ "ಏ, ಇದು ಗುರೆಳ್ಳ ಹಿಂಡಿ ಐತಲೇ" ಅಂತ ಎರಡು ಚಮಚ ಬಡಿಸ್ಕೊಂಡ.

ಹುಚ್ಚೆಳ್ಳು. ನಮ್ಮ ಚಿತ್ರದುರ್ಗದ ಕಡೆ ಹಂಗೇ ಅನ್ನೋದು, ಉತ್ತರ ಕರ್ನಾಟಕದಲ್ಲಿ ಗುರೆಳ್ಳು, ಕೆಲವು ಕಡೆ ಕಾರೆಳ್ಳು. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ ಅದು. ಎಳ್ಳಿನ ಹಂಗೆ ಕಾಣುತ್ತೆ ಆದ್ರೆ ಎಳ್ಳಲ್ಲ.

ಇದನ್ನ ಬರೀಬೇಕು ಅನಿಸಿದ್ದಕ್ಕೆ ಕಾರಣ ಆ ಜೋಕಲ್ಲ. ಅದೇ ವಾರ ನಮ್ಮ ಆಫೀಸಲ್ಲಿ ಒಂದು ಟ್ರೈನಿಂಗ್ ಇತ್ತು, ಸಹೋದ್ಯೋಗಿಗಳ ಹತ್ರ ಯಾವ ಪದ ಆಡಬಾರದು ಅಂತ. ಒಂದು ಸ್ಲೈಡ್ ತುಂಬ ಇಂಗ್ಲಿಷ್ ಪದಗಳು, ಕ್ರೇಜಿ, ಇನ್ಸೇನ್, ಸೈಕೋ, ಮ್ಯಾಡ್, ಮೆಂಟಲ್. ನಾನು ಕೈ ಎತ್ತಿ, ಇಲ್ಲಿ ಅರ್ಧ ಜನ ಜಗಳ ಆಡೋದು ಕನ್ನಡದಲ್ಲಿ, ಇನ್ನರ್ಧ ತಮಿಳು ತೆಲುಗು ಹಿಂದೀಲಿ, ಅವಕ್ಕೆ ಏನು ಮಾಡೋದು ಅಂತ ಕೇಳಿದೆ. ಟ್ರೈನರ್ "ಗುಡ್ ಕ್ವೆಶ್ಚನ್" ಅಂತ ಹೇಳಿ ಮುಂದಿನ ಸ್ಲೈಡಿಗೆ ಹೋದ್ರು. ಗುಡ್ ಕ್ವೆಶ್ಚನ್ ಅಂದ್ರೆ ಉತ್ತರ ಇಲ್ಲ ಅಂತ ಅರ್ಥ, ಹದಿನೈದು ವರ್ಷದ ಸರ್ವಿಸಲ್ಲಿ ಅಷ್ಟು ಕಲ್ತಿದೀನಿ. ಸರಿ, ಉತ್ತರ ನಾನೇ ಹುಡುಕೋಣ ಅಂತ ಕೂತೆ.

ನಮ್ಮ ಹತ್ರ ಇರೋ ಸಾಮಾನೆಲ್ಲ ಮೊದಲು ಹರಡ್ತೀನಿ. ಹುಚ್ಚು, ಮರುಳು, ತಿಕ್ಕಲು, ಐಲು, ಮಂಕು, ತಲೆಕೆಟ್ಟೋನು, ಅರೆಹುಚ್ಚ. ಧಾರವಾಡದ ಕಡೆ ಹುಚ್ಚಪ್ಯಾಲಿ, ಮಳ್ಳ. ಮಂಗಳೂರಿನ ಗೆಳೆಯರು ಕನ್ನಡ ಮಾತಾಡ್ತಾ ಇದ್ದೋರು ಸಿಟ್ಟು ಬಂದ ತಕ್ಷಣ ತುಳುಗೆ ಜಾರಿ "ಮರ್ಲಾ ನಿಕ್ಕ್?" ಅಂತಾರೆ. ಆಮೇಲೆ ಗ್ಯಾರೇಜಿಂದ ಬಂದಿರೋವು, ಲೂಸು, ಸ್ಕ್ರೂ ಲೂಸು, ನಟ್ಟು ಬೋಲ್ಟು ಸರಿ ಇಲ್ಲ, ಫ್ಯೂಸ್ ಹೋಗಿದೆ. ಆಸ್ಪತ್ರೆಯಿಂದ ಬಂದಿರೋವು, ಮೆಂಟ್ಲು, ಹಾಫ್ ಮೆಂಟ್ಲು, ನಿಮ್ಹಾನ್ಸ್ ಕೇಸು. ಇತ್ತೀಚಿಗೆ ಇನ್‌ಸ್ಟಾಗ್ರಾಮಿಂದ ಬಂದಿರೋವು, ಸೈಕೋ, ಬೈಪೋಲಾರು, ಬೆಂಗಳೂರಿನ ಹವಾಮಾನಕ್ಕೂ ಬೈಪೋಲಾರ್ ಅಂತಾರೆ ಪಾಪ.

ಇದರಲ್ಲಿ ನಂಗೆ ತುಂಬ ಇಷ್ಟದ ಪದ ಮರುಳು. ಇವತ್ತು ಮಾತಿಗೆ ಮರುಳಾದ, ಬಣ್ಣಕ್ಕೆ ಮರುಳಾದ ಅಂತ ಮೆತ್ತಗೆ ಬಳಸ್ತೀವಿ, ಆದ್ರೆ ಹಳಗನ್ನಡದಲ್ಲಿ ಮರುಳು ಅಂದ್ರೆ ಪಿಶಾಚಿ ಅಂತಾನೂ ಅರ್ಥ. ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ರಕ್ತ ಕುಡ್ಕೊಂಡು ಕುಣಿಯೋ ಮರುಳುಗಳು ಹಳೆ ಕಾವ್ಯಗಳ ತುಂಬ ಇದಾವೆ. ಅಂದ್ರೆ ಮರುಳಾದೋನು ಅಂದ್ರೆ ಪಿಶಾಚಿ ಮೆಟ್ಕೊಂಡೋನು. ಇದು ನಮ್ಮೋರ ತಲೆಗೆ ಮಾತ್ರ ಹೊಳೆದಿದ್ದಲ್ಲ. ಪಾರ್ಸಿಯ ದೀವಾನಾ ಇದ್ಯಲ್ಲ, ಹಿಂದಿ ಹಾಡುಗಳಲ್ಲಿ ಎರಡು ಸಾಲಿಗೊಂದು ಬರುತ್ತಲ್ಲ, ಅದರೊಳಗಿರೋ 'ದೀವ್' ಅಂದ್ರೆ ಭೂತ. ಅರಬ್ಬಿಯ ಮಜ್ನೂನ್, ಅಂದ್ರೆ ನಮ್ಮ ಲೈಲಾ ಮಜ್ನು ಕಥೆಯ ಮಜ್ನು, ಅವನ ಹೆಸರಿನ ಅರ್ಥ ಜಿನ್ ಹಿಡಿದವನು. ಮೂರು ಭಾಷೆಗಳೂ ದೆವ್ವದಿಂದ ಹೊರಟು ಪ್ರೇಮಕ್ಕೆ ಬಂದು ನಿಂತಿದಾವೆ ನೋಡಿ. ಕನ್ನಡದ ಮರುಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೇವರ ಕಡೆಗೂ ತಿರುಗ್ತು, ಮರುಳಸಿದ್ಧ ಅಂತ ನಮ್ಮಲ್ಲಿ ದೊಡ್ಡ ಗುರುವಿನ ಹೆಸರೇ ಇದೆ, ಉಜ್ಜಿನಿಯ ಪೀಠ ಅವರದ್ದು, ವಚನಕಾರರ ಕಾಲದ ಶರಣರಲ್ಲಿ ಮರುಳಶಂಕರದೇವ ಇದಾರೆ. ಶಿವನ ಮೇಲೆ ಮರುಳಾದೋರಿಗೆ ಜನ ಏನಂದ್ರೂ ತಾಗಲ್ಲ ಅಂತ ಕಾಣುತ್ತೆ.

ತಮಿಳಿನ ಪೈತ್ಯಂ ಬೇರೆ ದಾರಿ ಹಿಡೀತು, ಅದು ಪಿತ್ತದಿಂದ ಬಂದಿದ್ದು. ನಾವು ಪದ ಬೇರೆ ಇಟ್ಕೊಂಡ್ರೂ ಯೋಚನೆ ಅದೇ, "ಪಿತ್ತ ನೆತ್ತಿಗೇರಿದ್ಯಾ ನಿಂಗೆ" ಅನ್ನೋದು, ತಲೆಗೆ ನಿಂಬೆಹಣ್ಣು ತಿಕ್ಕಬೇಕು ಅನ್ನೋದು. ಚರಕ ಸಂಹಿತೆಯಲ್ಲಿ ಉನ್ಮಾದಕ್ಕೆ ಐದು ಬಗೆ ಹೇಳಿದಾರೆ, ವಾತದ್ದು, ಪಿತ್ತದ್ದು, ಕಫದ್ದು, ಮೂರೂ ಸೇರಿದ್ದು, ಐದನೇದು ಆಗಂತು, ಅಂದ್ರೆ ಹೊರಗಿಂದ ಬಂದು ಹೊಕ್ಕಿದ್ದು. ಪಿತ್ತಾನೂ ಇದೆ, ಪಿಶಾಚೀನೂ ಇದೆ, ಯಾರಿಗೂ ಬೇಜಾರಾಗದ ಹಂಗೆ ಪಟ್ಟಿ.

ಹುಚ್ಚಿಗೆ ಬರ್ತೀನಿ. ಈ ಪದದ ಹರಹು ನೋಡಿದ್ರೆ ಗಾಬರಿ ಆಗುತ್ತೆ. ಹುಚ್ಚುನಾಯಿ ಇದೆ, ಹುಚ್ಚು ಮಳೆ ಇದೆ, ಹುಚ್ಚು ಹೊಳೆ ಇದೆ, ಹುಚ್ಚೆಳ್ಳು ಇದೆ, ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು, ಓದೋ ಹುಚ್ಚು. ಅಂಕೆ ಮೀರಿದ್ದು, ಒಡ್ಡು ದಾಟಿದ್ದು, ತಾನಾಗೇ ಬೆಳೆದಿದ್ದು ಅನ್ನೋ ಅರ್ಥ ಇವೆಲ್ಲದರ ಒಳಗೂ ಹರೀತಾ ಇದೆ ಅಂತ ನನ್ನ ಲೆಕ್ಕ. ಆಮೇಲೆ ಮನುಷ್ಯರ ಹೆಸರು, ಹುಚ್ಚಪ್ಪ, ಹುಚ್ಚಯ್ಯ, ಹುಚ್ಚಮ್ಮ. ಹುಟ್ಟಿದ ಮಕ್ಕಳೆಲ್ಲ ಸಾಯ್ತಾ ಇದ್ದ ಮನೇಲಿ ಈ ಸಲ ಹುಟ್ಟಿದ್ದಕ್ಕೆ ದೃಷ್ಟಿ ತಾಗಬಾರದು, ಜವರಾಯ ಕೂಡ ಹೆಸರು ಕೇಳಿ ಬೇಡಪ್ಪ ಅನ್ನಬೇಕು ಅಂತ ಇಂಥ ಹೆಸರಿಡ್ತಿದ್ರು, ಕಲ್ಲ, ಗುಂಡ, ತಿಪ್ಪ ಎಲ್ಲ ಅದೇ ಸಾಲು. (ನಮ್ಮ ಕಡೆ ತಿಪ್ಪೇಸ್ವಾಮಿಗಳದ್ದು ನಾಯಕನಹಟ್ಟಿ ದೇವರ ಲೆಕ್ಕ, ಅದು ಬೇರೆ, ಯಾರೂ ಜಗಳಕ್ಕೆ ಬರಬೇಡಿ.) ಐಹೊಳೆಗೆ ಹೋದೋರು ನೋಡಿರ್ತೀರ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯ ಗುಡಿ, ಹುಚ್ಚಪ್ಪಯ್ಯ ಮಠ. ಚಾಲುಕ್ಯರು ಕಟ್ಟಿಸಿದ ಗುಡಿಗಳು, ಕಟ್ಟಿಸಿದ ರಾಜನ ಹೆಸರು ಊರೋರ ಬಾಯಲ್ಲಿ ಉಳೀಲಿಲ್ಲ, ಹುಚ್ಚಿಮಲ್ಲಿ ಹೆಸರು ಉಳೀತು. ಪುರಾತತ್ವ ಇಲಾಖೆಯೋರ ಬೋರ್ಡಲ್ಲೂ ಅದೇ ಹೆಸರು. ಆ ಟ್ರೈನರ್‌ನ ಐಹೊಳೆಗೆ ಕರ್ಕೊಂಡು ಹೋಗಬೇಕು ಒಂದ್ಸಲ.

ಪ್ರೀತಿಗೂ ಇದೇ ಪದ. "ಹುಚ್ಚು ಹುಡುಗಿ" ಅಂತ ಗಂಡ ಹೆಂಡತಿಗೆ, "ಹುಚ್ಚಪ್ಯಾಲಿ, ಊಟ ಮಾಡಿ ಹೋಗು" ಅಂತ ಧಾರವಾಡದ ಆಯಿ ಮೊಮ್ಮಗನಿಗೆ. ಮೈಸೂರ ಕಡೆ "ಹುಚ್ಚುಮುಂಡೇದು ಮಳೇಲಿ ನೆನಕೊಂಡು ಬಂದಿದೆ ನೋಡು" ಅಂತಾರಲ್ಲ, ಅದರಲ್ಲಿ ನಂಗೆ ಕಿವಿಗೆ ಚುಚ್ಚೋದು ಹುಚ್ಚು ಅಲ್ಲ, ಪಕ್ಕದಲ್ಲಿರೋ ಮುಂಡೆ. ಗಂಡ ಸತ್ತೋಳು ಅನ್ನೋದನ್ನ ಬೈಗುಳ ಮಾಡಿ, ಆಮೇಲೆ ಮುದ್ದೂ ಮಾಡಿ, ಏನೂ ಆಗೇ ಇಲ್ಲ ಅನ್ನೋ ಹಂಗೆ ಇದೀವಿ. ಅದರ ಬಗ್ಗೆ ಇನ್ನೊಂದು ದಿನ.

ಈಗ ನಾನು ಹೇಳಬೇಕಿರೋ ವಿಷಯ. ಕನ್ನಡದಲ್ಲಿ "ಅವನಿಗೆ ಜ್ವರ" ಅಂತೀವಿ, "ಅವನಿಗೆ ಹಸಿವು" ಅಂತೀವಿ, ಹಂಗೇ "ಅವನಿಗೆ ಹುಚ್ಚು". ಅವನು ಬೇರೆ, ಹುಚ್ಚು ಬೇರೆ, ಅದು ಬಂದು ಅವನಿಗೆ ಹಿಡಿಯುತ್ತೆ, ನೆತ್ತಿಗೇರುತ್ತೆ, ಕೆರಳುತ್ತೆ, ಇಳಿಯುತ್ತೆ, ಕೊನೆಗೆ ಬಿಡುತ್ತೆ. ಮಳೆ ಹಿಡೀತು ಮಳೆ ಬಿಡ್ತು, ಗ್ರಹಣ ಹಿಡೀತು ಗ್ರಹಣ ಬಿಡ್ತು, ಜ್ವರ ಬಿಡ್ತು, ದೆವ್ವ ಬಿಡ್ತು, ಹುಚ್ಚು ಬಿಡ್ತು. ಹಿಡಿದಿದ್ದು ಬಿಟ್ಟೇ ಬಿಡುತ್ತೆ ಅನ್ನೋ ನಂಬಿಕೆ ವಾಕ್ಯದ ಒಳಗೇ ಕೂತಿದೆ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗಾದೆ ನೋಡಿ, ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಮದುವೆ ಬಗ್ಗೆ ನಗೆಯಾಡಿದ್ರೂ, ಹುಚ್ಚು ಬಿಡೋ ಸಾಮಾನು ಅನ್ನೋದನ್ನ ಗಾದೆ ಅನುಮಾನಿಸಲ್ಲ.

"ಮೆಂಟಲ್" ಹಾಕಿ ನೋಡಿ ಅದೇ ಜಾಗಕ್ಕೆ. ಅವನಿಗೆ ಮೆಂಟಲ್ ಹಿಡೀತು? ಮೆಂಟಲ್ ಬಿಡ್ತು? ಆಗಲ್ಲ. "ಅವನು ಮೆಂಟಲ್" ಅಷ್ಟೇ. ಅವನೇ ಅದು. ಲೂಸು ಅಷ್ಟೇ, ಸೈಕೋ ಅಷ್ಟೇ. ಬಿಡೋಕೆ ಬಾಗಿಲೇ ಇಲ್ಲದ ಪದಗಳು. ಹುಚ್ಚ, ಹುಚ್ಚಿ ಅನ್ನೋವೂ ಮನುಷ್ಯನಿಗೇ ಅಂಟೋ ಪದಗಳು ತಾನೇ ಅಂತ ನೀವು ಕೇಳಬಹುದು, ಹೌದು, ಅದಕ್ಕೇ ಅವು ಹುಚ್ಚು ಅನ್ನೋದಕ್ಕಿಂತ ಜೋರಾಗಿ ಹೊಡೀತವೆ. 1971ರ ಶರಪಂಜರ ಸಿನಿಮಾದ ಕಥೆ ಪೂರ್ತಿ ನಿಂತಿರೋದೇ ಇದರ ಮೇಲೆ, ಕಾವೇರಿಗೆ ವಾಸಿ ಆಗಿದೆ, ಆಸ್ಪತ್ರೆಯಿಂದ ಮನೆಗೆ ಬಂದಿದಾಳೆ, ಆದ್ರೆ ಮನೆಯೋರ ಕಣ್ಣಲ್ಲಿ, ಬೀದಿಯೋರ ಬಾಯಲ್ಲಿ ಅವಳು ಹುಚ್ಚೀನೇ. ಹುಚ್ಚು ಅವಳನ್ನ ಬಿಟ್ಟಿದೆ, ಜನ ಬಿಟ್ಟಿಲ್ಲ. ಸಿನಿಮಾಕ್ಕೆ ಮೂಲವಾದ ಕಾದಂಬರಿಯನ್ನ ತ್ರಿವೇಣಿ ಬರೆದ ಕಾಲಕ್ಕೆ ಕನ್ನಡದಲ್ಲಿ ಇಂಥದ್ದನ್ನ ಹೆಂಗಸೊಬ್ಬಳ ಒಳಗಿಂದ ಬರೆದೋರು ಬೆರಳೆಣಿಕೆ.

ತಮಾಷೆ ಏನಂದ್ರೆ ಮೆಂಟಲ್ ಅನ್ನೋದು ಹುಟ್ಟಿದ್ದೇ ಮರ್ಯಾದಸ್ಥ ಪದವಾಗಿ. ಬೆಂಗಳೂರಲ್ಲಿ ಹತ್ತೊಂಬತ್ತನೇ ಶತಮಾನದಿಂದ ಇದ್ದದ್ದು ಲೂನಾಟಿಕ್ ಅಸೈಲಂ. ಲೂನಾ ಅಂದ್ರೆ ಲ್ಯಾಟಿನ್‌ನಲ್ಲಿ ಚಂದ್ರ, ಚಂದ್ರ ಏರಿಳಿದ ಹಂಗೆ ತಲೆ ಕೆಡುತ್ತೆ ಅನ್ನೋ ನಂಬಿಕೆ, ನಮ್ಮಲ್ಲೂ ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ ಆಗುತ್ತೆ ಅಂತಾರಲ್ಲ ಅದೇ. ಆ ಹೆಸರು ಅವಮಾನದ್ದು ಅಂತ 1925ರಲ್ಲಿ ಅದನ್ನ ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಮಾಡಿದ್ರು. ಆಗ ಅದು ಹೊಸ, ಶುಭ್ರ, ಡಾಕ್ಟರು ಬಳಸೋ ಪದ. ಜನ ಏನು ಮಾಡಿದ್ರು, ಹಾಸ್ಪಿಟಲ್ ಅನ್ನೋದನ್ನ ಉದುರಿಸಿ ಮೆಂಟಲ್ ಅನ್ನೋದನ್ನ ಮಾತ್ರ ಇಟ್ಕೊಂಡು ಬೈಯೋಕೆ ಶುರು ಮಾಡಿದ್ರು. 1954ರಲ್ಲಿ ಅದರ ಪಕ್ಕ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ನಿಮ್ಹಾನ್ಸ್ ಅನ್ನೋ ಹೆಸರಲ್ಲಿ ಮೆಂಟಲ್ ಒಂದು ಅಕ್ಷರವಾಗಿ ಅಡಗಿ ಕೂತಿದೆ, ಹೊರಗೆ ಕಾಣಲ್ಲ, ಎಷ್ಟು ಚೆಂದದ ಉಪಾಯ. ಜನ ಬಿಟ್ರಾ? "ಇವನನ್ನ ನಿಮ್ಹಾನ್ಸಿಗೆ ಸೇರಿಸ್ಬೇಕು" ಅನ್ನೋದೇ ಬೈಗುಳ ಆಯ್ತು. ಹೊಸೂರು ರೋಡಲ್ಲಿ ಬಸ್ಸಿಂದ ಅಲ್ಲಿ ಇಳಿಯೋರನ್ನ ಪಕ್ಕದ ಸೀಟಿನೋರು ಒಂಥರ ನೋಡ್ತಾರೆ, ಇಳಿಯೋರಲ್ಲಿ ತಲೆಗೆ ಪೆಟ್ಟು ಬಿದ್ದೋರು, ಫಿಟ್ಸ್ ಬರೋರು, ಪಾರ್ಶ್ವವಾಯು ಆದೋರು ಎಷ್ಟೋ ಜನ ಇರ್ತಾರೆ, ಅದು ನರರೋಗದ ಆಸ್ಪತ್ರೆಯೂ ಹೌದು ಅನ್ನೋದು ನೋಡೋರಿಗೆ ಬೇಕಾಗಿಲ್ಲ.

ಊರಿನ ಹೆಸರೇ ಬೈಗುಳ ಆಗೋದರಲ್ಲಿ ನಾವೊಬ್ಬರೇ ಅಲ್ಲ. ಹುಬ್ಬಳ್ಳಿ ಗದಗದ ಕಡೆ "ಧಾರವಾಡಕ್ಕ ಕಳಸಬೇಕು ನಿನ್ನ" ಅಂದ್ರೆ ಪೇಡೆ ತಿನ್ನೋಕೂ ಅಲ್ಲ, ಕವಿಗೋಷ್ಠಿಗೂ ಅಲ್ಲ, ಬ್ರಿಟಿಷರ ಕಾಲದಿಂದ ಅಲ್ಲಿರೋ ಆಸ್ಪತ್ರೆಗೆ. ಚೆನ್ನೈನೋರಿಗೆ ಕೀಳ್ಪಾಕ್ಕಂ, ಹೈದರಾಬಾದಿನೋರಿಗೆ ಎರ್ರಗಡ್ಡ, ಕಲ್ಲಿಕೋಟೆಯೋರಿಗೆ ಕುದಿರವಟ್ಟಂ, ಮರಾಠಿಯೋರಿಗೆ ಯೆರವಡಾ ಇಲ್ಲ ಠಾಣೆ, ಹಿಂದಿಯೋರಿಗೆ ರಾಂಚಿ, ಆಗ್ರಾ. ತಾಜ್ ಮಹಲ್ ಇರೋ ಊರಿನ ಹೆಸರು ಹೇಳಿ ಬೈಯೋಕಾಗುತ್ತೆ ಅಂದ್ರೆ ಬಾಯಿಯ ಶಕ್ತಿ ನೋಡಿ. ಇಂಗ್ಲಿಷಿನೋರು ನಮಗಿಂತ ಮುಂಚೇನೇ ಮಾಡಿ ಮುಗಿಸಿದಾರೆ, ಲಂಡನ್ನಿನ ಬೆತ್ಲೆಮ್ ಆಸ್ಪತ್ರೆ ಶುರುವಾಗಿದ್ದು 1247ರಲ್ಲಿ, ಜನರ ಬಾಯಲ್ಲಿ ಅದು ಬೆಡ್ಲಮ್ ಆಗಿ, ಇವತ್ತು ಡಿಕ್ಷನರಿಯಲ್ಲಿ ಬೆಡ್ಲಮ್ ಅಂದ್ರೆ ಗದ್ದಲ ಅಂತ ಅರ್ಥ. ಯೇಸು ಹುಟ್ಟಿದ ಊರಿನ ಹೆಸರು ಅದು ಮೂಲದಲ್ಲಿ!

ಹೊಸ ಪದ ತಂದಷ್ಟೂ ಅದೂ ಬೈಗುಳ ಆಗೋ ಈ ಓಟಕ್ಕೆ ಭಾಷಾಶಾಸ್ತ್ರದೋರು ಟ್ರೆಡ್‌ಮಿಲ್ ಅಂತ ಹೆಸರಿಟ್ಟಿದಾರೆ, ಓಡಿದಷ್ಟೂ ಅಲ್ಲೇ ಇರ್ತೀವಿ, ಸ್ಟೀವನ್ ಪಿಂಕರ್ 1994ರಲ್ಲಿ ಹೇಳಿದ್ದು. ಈಡಿಯಟ್, ಇಂಬೆಸೈಲ್, ಮೋರಾನ್ ಇವು ಮೂರೂ ಒಂದು ಕಾಲಕ್ಕೆ ಡಾಕ್ಟರುಗಳ ರಿಪೋರ್ಟಲ್ಲಿ ಬರೀತಿದ್ದ ಪದಗಳು, ಐಕ್ಯೂ ಇಪ್ಪತ್ತೈದರ ಒಳಗಿದ್ರೆ ಈಡಿಯಟ್, ಐವತ್ತರ ತನಕ ಇಂಬೆಸೈಲ್, ಎಪ್ಪತ್ತರ ತನಕ ಮೋರಾನ್. ಮೋರಾನ್ ಅನ್ನೋದನ್ನಂತೂ ಹೆನ್ರಿ ಗಾಡರ್ಡ್ ಅನ್ನೋ ಮನಶ್ಶಾಸ್ತ್ರಜ್ಞ 1910ರಲ್ಲಿ ಗ್ರೀಕಿಂದ ಎತ್ಕೊಂಡು ಬಂದು ಹೊಸದಾಗಿ ಮಾಡಿಕೊಟ್ಟಿದ್ದು. ಅದಕ್ಕಿಂತ ಮೊದಲು ಆ ಪದದಲ್ಲಿ ಯಾರೂ ಯಾರಿಗೂ ಬೈದಿರಲಿಲ್ಲ. ಆಮೇಲೆ ಬಂದ ರಿಟಾರ್ಡೆಡ್ ಅನ್ನೋದೂ ಬೈಗುಳವಾಗಿ, 2010ರಲ್ಲಿ ಅಮೆರಿಕದೋರು ಕಾನೂನು ಮಾಡೇ ಅದನ್ನ ಸರ್ಕಾರಿ ಕಾಗದಗಳಿಂದ ತೆಗೀಬೇಕಾಯ್ತು. ಕನ್ನಡದಲ್ಲಿ ಈಗ ಅದೇ ಗತಿ "ಮಾನಸಿಕ ಅಸ್ವಸ್ಥ"ನಿಗೆ ಬರ್ತಾ ಇದೆ. ಪೇಪರಿನೋರು ಹುಚ್ಚ ಅಂತ ಬರೆಯೋದು ಬಿಟ್ಟು ಮಾನಸಿಕ ಅಸ್ವಸ್ಥ ಅಂತ ಬರೆಯೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು, ಒಳ್ಳೇದೇ, ಆದ್ರೆ ಟಿವಿಲಿ ಯಾವ ಪಕ್ಷದೋರೇ ಆಗಲಿ ಎದುರು ಪಕ್ಷದೋರಿಗೆ ಬೈಯೋದನ್ನ ಕೇಳಿ, "ಅವರು ಮಾನಸಿಕ ಅಸ್ವಸ್ಥರು, ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಕೊಡಿಸಲಿ, ಖರ್ಚು ನಾವೇ ಕೊಡ್ತೀವಿ". ಹುಚ್ಚ ಅಂದಿದ್ರೆ ಅಸಭ್ಯ ಆಗ್ತಿತ್ತು, ಇದು ಶುದ್ಧ ಕನ್ನಡ, ಸಂಸದೀಯ ಭಾಷೆ.

ಕಾನೂನಿನ ಕಥೆ ಇನ್ನೂ ಮಜಾ ಇದೆ. 1912ರ ಇಂಡಿಯನ್ ಲೂನಸಿ ಆಕ್ಟ್ ಹೋಗಿ 1987ರಲ್ಲಿ ಮೆಂಟಲ್ ಹೆಲ್ತ್ ಆಕ್ಟ್ ಬಂತು, ಬಂತು ಅಂದ್ರೆ ಪಾಸಾಯ್ತು, ಜಾರಿ ಆಗಿದ್ದು 1993ಕ್ಕೆ. ಅಂದ್ರೆ ನಾನು ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳ್ತಿದ್ದಾಗಲೂ ನಮ್ಮ ಕಾನೂನಲ್ಲಿ ಚಂದ್ರ ಇದ್ದ. ಆಮೇಲೆ 2017ರ ಹೊಸ ಕಾಯ್ದೆ, "ಮಾನಸಿಕ ಕಾಯಿಲೆ ಇರುವ ವ್ಯಕ್ತಿ" ಅನ್ನೋ ಮಾತು, ಮೊದಲು ವ್ಯಕ್ತಿ, ಕಾಯಿಲೆ ಅವನ ಹತ್ರ ಇರೋದು. ನೋಡಿದ್ರೆ ಇದು ನಮ್ಮಜ್ಜಿಯ "ಅವನಿಗೆ ಹುಚ್ಚು" ವ್ಯಾಕರಣಕ್ಕೇ ಸುತ್ತಿ ಬಂದಿದೆ. ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಬಂದಾಗ ಗಂಡು ಹೆಣ್ಣು ಇಬ್ಬರೂ ಈಡಿಯಟ್ ಅಥವಾ ಲೂನಾಟಿಕ್ ಆಗಿರಬಾರದು ಅಂತ ಅದರಲ್ಲಿ ಇಂಗ್ಲಿಷಲ್ಲಿ ಹಂಗೇ ಬರೆದಿತ್ತು, 1976ರಲ್ಲಿ ತಿದ್ದಿದ್ರು, ತಿದ್ದುವಾಗ ಫಿಟ್ಸ್ ಅನ್ನೂ ತಂದು ಹುಚ್ಚಿನ ಪಕ್ಕ ಕೂರಿಸಿದ್ರು, 1999ರಲ್ಲಿ ಫಿಟ್ಸ್ ತೆಗೆದ್ರು, ಪದೇ ಪದೇ ಬರೋ ಇನ್ಸಾನಿಟಿ ಅನ್ನೋದು ಇನ್ನೂ ಅಲ್ಲೇ ಇದೆ. ಇಂಡಿಯನ್ ಪೀನಲ್ ಕೋಡ್ ಹೋಗಿ 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ್ರೂ ಬ್ರಿಟಿಷರ "ಅನ್‌ಸೌಂಡ್ ಮೈಂಡ್" ಮಾತ್ರ 84ನೇ ಸೆಕ್ಷನ್ನಿಂದ ಎದ್ದು 22ನೇ ಸೆಕ್ಷನ್ನಿಗೆ ಹೋಗಿ ಕೂತಿದೆ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಕಾಗದಗಳಲ್ಲಂತೂ ಕೇಳೋದೇ ಬೇಡ, ಉಯಿಲು ಬರೆಯೋ ಪ್ರತಿಯೊಬ್ಬನೂ "ಸ್ವಸ್ಥಚಿತ್ತನಾಗಿದ್ದು, ಯಾರ ಒತ್ತಾಯ ಪ್ರೇರೇಪಣೆಗೂ ಒಳಗಾಗದೆ" ಅಂತ ಹೇಳ್ಕೋಬೇಕು. ಹೇಳ್ಕೊಂಡ ಮೇಲೂ ಆಸ್ತಿ ಸಿಗದ ಮಗ ಕೋರ್ಟಿಗೆ ಹೋಗಿ ನಮ್ಮಪ್ಪಂಗೆ ಅರಳುಮರಳಾಗಿತ್ತು ಅಂತಾನೆ.

ಬೈದ್ರೆ ಶಿಕ್ಷೆ ಇದೆಯಾ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯನ್ನೂ ಸೇರಿಸಿದಾರೆ, ಅದರ 92ನೇ ಸೆಕ್ಷನ್ ಪ್ರಕಾರ ಅಂಥವರನ್ನ ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದ್ರೆ ಕಡಿಮೆ ಅಂದ್ರೂ ಆರು ತಿಂಗಳು, ಜಾಸ್ತಿ ಅಂದ್ರೆ ಐದು ವರ್ಷ ಜೈಲು. ಸಿನಿಮಾದೋರಿಗೂ ಬಿಸಿ ತಟ್ಟಿದೆ, 2019ರಲ್ಲಿ "ಮೆಂಟಲ್ ಹೈ ಕ್ಯಾ" ಅಂತಿದ್ದ ಹಿಂದಿ ಸಿನಿಮಾಕ್ಕೆ ಮನೋವೈದ್ಯರ ಸಂಘ ತಕರಾರು ಎತ್ತಿದ ಮೇಲೆ ಅದು "ಜಡ್ಜ್‌ಮೆಂಟಲ್ ಹೈ ಕ್ಯಾ" ಆಯ್ತು. ಮೆಂಟಲ್ ಹೋಗ್ಲಿಲ್ಲ, ಮುಂದೆ ಜಡ್ಜ್ ಬಂದ ಅಷ್ಟೇ. ನಮ್ಮಲ್ಲಿ 2001ರಲ್ಲಿ ಸುದೀಪ್ ಅವರ ಸಿನಿಮಾದ ಹೆಸರೇ "ಹುಚ್ಚ", ಊರ ತುಂಬ ಪೋಸ್ಟರ್, ಅವರು ಕಿಚ್ಚ ಆಗ್ಲಿಕ್ಕೆ ಅದೇ ಕಾರಣ. 2007ರ ದುನಿಯಾದಲ್ಲಿ ಲೂಸ್ ಮಾದ ಅನ್ನೋ ಪಾತ್ರ ಮಾಡಿದ ಯೋಗೀಶ್ ಅವರಿಗೆ ಲೂಸ್ ಮಾದ ಅನ್ನೋದು ಬಿರುದಾಗಿ ಅಂಟಿಕೊಳ್ತು, ಅಭಿಮಾನಿಗಳು ಗಾಡಿ ಹಿಂದೆ ಬರೆಸ್ಕೊಂಡ್ರು. ಈಗ ಹೊಸಬ ಒಬ್ಬ ಆ ಹೆಸರಲ್ಲಿ ಬರಬಹುದಾ? ಬರಬಹುದು ಅನ್ಸುತ್ತೆ ನಂಗೆ. ಲೂಸು ಯಾವತ್ತೂ ಆಸ್ಪತ್ರೆಗೆ ಹೋಗಿಲ್ಲ, ಅದು ಗ್ಯಾರೇಜಿನ ಪದ, ಸ್ಪ್ಯಾನರ್ ಇಟ್ಟು ಎರಡು ತಿರುವಿದ್ರೆ ಸರಿಹೋಗೋ ತೊಂದರೆ, ಅದಕ್ಕೇ ಅದರಲ್ಲಿ ವಿಷ ಕಡಿಮೆ. ಮೆಂಟಲ್ ಹಂಗಲ್ಲ, ಅದಕ್ಕೆ ಬಾಗಿಲು, ಬೀಗ, ಕಂಬಿ ಎಲ್ಲ ಇದೆ.

ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋಕೆ (ನೋಡಿ, ತಲೆ ಕೆಡಿಸ್ಕೊಳ್ಳೋದು, ಇದನ್ನ ಬಿಟ್ಟು ಬರೆಯೋಕಾಗಲ್ಲ) ನಮ್ಮ ಮನೇಲೂ ಒಂದು ಕಾರಣ ಇದೆ. ನಮ್ಮ ಸೋದರಮಾವಂಗೆ ಚಳ್ಳಕೆರೆ ಕಡೆ ಗೊಬ್ಬರದ ಅಂಗಡಿ. ನಾನು ಕಾಲೇಜಲ್ಲಿದ್ದಾಗ ಒಂದು ಬೇಸಿಗೇಲಿ ಅವರು ನಿದ್ದೆ ಬಿಟ್ರು. ರಾತ್ರಿ ಮೂರಕ್ಕೆ ಎದ್ದು ಲೆಕ್ಕದ ಪುಸ್ತಕ ತೆಗೆಯೋದು, ಹತ್ತು ಎಣ್ಣೆ ಗಾಣ ಹಾಕ್ತೀನಿ ಅನ್ನೋದು, ಕಂಡ ಕಂಡೋರಿಗೆ ಸಾಲ ಕೊಡೋದು, ಮಾತು ಮಾತು ಮಾತು, ಒಂದು ವಾಕ್ಯ ಮುಗಿಯೋಕೆ ಮುಂಚೆ ಇನ್ನೊಂದು. ಎರಡು ವಾರ ಮನೇಲಿ ಯಾರೂ ಮಲಗಲಿಲ್ಲ. ಮೊದಲು ಗಾಣಗಾಪುರಕ್ಕೆ ಕರ್ಕೊಂಡು ಹೋದ್ರು, ಆಮೇಲೆ ಬೆಂಗಳೂರಿಗೆ. ಲಿಥಿಯಂ ಮಾತ್ರೆ, ಆಗಾಗ ರಕ್ತಪರೀಕ್ಷೆ. ನಾಲ್ಕು ತಿಂಗಳಿಗೆ ಅಂಗಡಿ ಬಾಗಿಲು ಮತ್ತೆ ತೆಗೆದ್ರು, ಇವತ್ತಿಗೂ ನಡೆಸ್ತಾ ಇದಾರೆ, ನಮ್ಮ ವಂಶದಲ್ಲಿ ಸಾಲ ಇಲ್ಲದಿರೋ ಒಬ್ಬನೇ ಮನುಷ್ಯ ಅವರು.

ಆಗ ಮನೆಯೋರೆಲ್ಲ ಹೊರಗಿನೋರಿಗೆ ಹೇಳೋಕೆ ಒಂದೊಂದು ಪದ ಹುಡುಕ್ಕೊಂಡ್ರು. ದೊಡ್ಡಮ್ಮ "ಟೆನ್ಷನ್ನು" ಅಂದ್ರು, ಚಿಕ್ಕಪ್ಪ "ನರದ ವೀಕ್ನೆಸ್ಸು" ಅಂದ್ರು, ಅತ್ತೆ "ಉಷ್ಣ" ಅಂದ್ರು. ಅಜ್ಜಿ ಒಬ್ಬಳೇ, ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕ್ಕೊಂತಾ ಹತ್ತು ಜನರ ಮುಂದೆ, "ನನ್ನ ಮಗಂಗೆ ಹುಚ್ಚು ಹಿಡ್ದಿತ್ತು ಕಣಮ್ಮ, ಈಗ ಬಿಟ್ಟೈತೆ" ಅಂದುಬಿಟ್ಲು. ಅತ್ತೆ ಎದ್ದು ಹೊರಗೆ ಹೋದ್ರು. ನಂಗೂ ನಾಚಿಕೆ ಆಗಿತ್ತು ಆವತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಬಜಾರಿನ ಹುಡುಗರು ಅವರ ಅಂಗಡಿಗೆ "ಮೆಂಟ್ಲಣ್ಣನ ಅಂಗಡಿ" ಅಂತ ಹೆಸರಿಟ್ಟಾಗಿತ್ತು, ಈಗಲೂ ಹಮಾಲರಿಗೆ ಅಡ್ರೆಸ್ ಹೇಳುವಾಗ ಅದೇ ಹೆಸರು, ಹೇಳೋರಿಗೆ ಕೆಟ್ಟ ಉದ್ದೇಶ ಏನಿಲ್ಲ, ಪಾಪ, ಗೊಬ್ಬರದ ಚೀಲ ಸರಿಯಾದ ಜಾಗಕ್ಕೆ ಇಳಿಬೇಕಲ್ಲ. ಮಾವ ಅಂತೂ ಅಜ್ಜಿಯ ಮಗನೇ, ಕಾಲ ಎಣಿಸೋಕೂ ಅದನ್ನೇ ಬಳಸ್ತಾರೆ, "ಅದು ನಂಗೆ ಹುಚ್ಚು ಹಿಡಿದ ವರ್ಷ, ಮಳೇನೂ ಕೈ ಕೊಟ್ಟಿತ್ತು, ಶೇಂಗಾ ಬೀಜ ಹುಟ್ಟಲಿಲ್ಲ" ಅಂತ, ಬೇರೆಯೋರು ತುರ್ತು ಪರಿಸ್ಥಿತಿ ವರ್ಷ ಅನ್ನೋ ಹಂಗೆ.

ಹಂಗಾಗಿ ಇದನ್ನ ಬರೆದು ಮುಗಿಸೋಕೆ ಮುಂಚೆ ಅವರಿಗೆ ಫೋನ್ ಮಾಡಿದೆ, ನಿಮ್ಮ ವಿಷಯ ಬರೀತಾ ಇದೀನಿ ಪರವಾಗಿಲ್ವಾ ಅಂತ. "ಬರ್ಕೊ ಅಳಿಯ, ಹೆಸರು ಹಾಕಬ್ಯಾಡ, ನಿಮ್ಮತ್ತೆ ಬೈತಾಳೆ" ಅಂದ್ರು. ನನ್ನ ಥಿಯರಿ ಹೇಳಿದೆ, ಹಿಡಿಯೋದು, ಬಿಡೋದು, ಅವನಿಗೆ ಹುಚ್ಚು, ಅವನು ಮೆಂಟಲ್, ಎಲ್ಲ. ಅವರು ಪೂರ್ತಿ ಕೇಳಿಸ್ಕೊಂಡ್ರು, ನಡುವೆ ಯಾರಿಗೋ ಯೂರಿಯಾ ಚೀಲದ ಚಿಲ್ರೆ ಕೊಟ್ರು. ಕೊನೆಗೆ ನಾನು ಕೇಳಿದೆ, ಇದರಲ್ಲಿ ನಿಮಗೆ ಯಾವುದು ಜಾಸ್ತಿ ನೋವಾಗುತ್ತೆ ಮಾವ, ಹುಚ್ಚ ಅನ್ನೋದೋ ಮೆಂಟಲ್ ಅನ್ನೋದೋ.

"ಅವೆಲ್ಲ ಬಿಡು, ಬಜಾರ್‌ನಾಗೆ ಯಾರಿಗೆ ಏನಂತಾರೋ. ಹೋದ ವಾರ ಒಬ್ಬ ಏಜೆಂಟ್ ಬಂದಿದ್ದ, ಹೊಲಿಗೆ ಬಿಚ್ಚಿರೋ ಹದಿನೆಂಟು ಚೀಲ ತಂದು ಹಾಕಿ ಫುಲ್ ಬಿಲ್ ಕೊಟ್ಟ. ನಾನು ಜೋರು ಮಾಡ್ದೆ. ಯಾರಾದ್ರೂ ಮಾಡ್ತಾರೆ ಕಣೋ, ನಿಮ್ಮಪ್ಪ ಆಗಿದ್ರೆ ಹೊಡೆದೇ ಬಿಡೋರು. ನಿಮ್ಮತ್ತೆ ಒಳಗಿಂದ ಬಂದು, ಅವನ ಎದುರಿಗೇ, ಮೆತ್ತಗೆ ಕೇಳಿದ್ಲು, ರೀ, ಇವತ್ತು ಮಾತ್ರೆ ತಗೊಂಡ್ರಾ ಅಂತ. ಮುಗೀತು ನೋಡು. ಅವನು ನಗಾಡ್ಕೊಂಡು ಪೂರ್ತಿ ದುಡ್ಡು ಇಸ್ಕೊಂಡು ಹೋದ."

ನಾನು ಹೂಂ ಅಂದೆ. ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಅವರು ಇಸ್ಪೀಟಲ್ಲಿ ಗೆದ್ದು ಕೂಗಾಡಿದ್ರು, ಪಕ್ಕದಲ್ಲಿ ಕೂತಿದ್ದ ನಾನೇ ಅದನ್ನ ಕೇಳಿದ್ದೆ. ಮೆತ್ತಗೇ ಕೇಳಿದ್ದೆ.

"ಹುಚ್ಚೆಳ್ಳು ಪುಡಿ ಬಂತಾ?" ಅಂದ್ರು ಮಾವ. ಬಂತು ಅಂದೆ.